ಸ್ತೋತ್ರ ಕಾಣಿಕೆಯ ಲಕೋಟೆಯಲ್ಲಿ ಹಿಡಿಸದ್ದು

ಕಳೆದ ಭಾನುವಾರ ಚರ್ಚಿನ ಆರಾಧನೆಯಲ್ಲಿ, ದೇವರ ಉಪಕಾರ ನೆನೆದು ಕೊಡುವ ಸ್ತೋತ್ರ ಕಾಣಿಕೆಗಳನ್ನು ಓದುವಾಗ ನಮ್ಮ ಮನೆಯ ಹೆಸರೂ ಬಂತು. ‘ಸಾಲ ತೀರಿದ್ದಕ್ಕಾಗಿ’, ಅಷ್ಟೆ. ಲಕೋಟೆಯ ಮೇಲೆ ಬರೆಯಲು ಇರುವುದೇ ಒಂದು ಗೆರೆ. ಏಳು ವರ್ಷ ಅದರಲ್ಲಿ ಹಿಡಿಸುವುದಿಲ್ಲ. ಮೇಲಾಗಿ, ನಾನು ಉಪಕಾರ ನೆನೆಯಬೇಕಾದವರಲ್ಲಿ ಅರ್ಧ ಜನ ನಮ್ಮ ಸಭೆಯವರೇ ಅಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಂಗಳೂರಿನಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ನಮ್ಮಜ್ಜ ಬಲ್ಮಠದ ಮಿಷನ್ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವರು. 1843ರಲ್ಲಿ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಟದ್ದು, 1894ರಲ್ಲಿ ಕಿಟೆಲರ ನಿಘಂಟು ಬಂದದ್ದು ಎಲ್ಲ ಬಾಸೆಲ್ ಮಿಷನ್ನಿನವರಿಂದಲೇ ಎಂದು ಅಜ್ಜ ತಾನೇ ಅಚ್ಚು ಹಾಕಿದವರಂತೆ ಹೇಳುತ್ತಿದ್ದರು. ಆ ಹೆಮ್ಮೆಯೇ ನನ್ನನ್ನು ಈ ಕಸುಬಿಗೆ ತಂದದ್ದು. 2018ರಲ್ಲಿ ಪಾಲುದಾರನೊಬ್ಬನ ಜತೆ ಸೇರಿ, ಹಳೆಯದೇ ಆದ ಎರಡು ಬಣ್ಣದ ಆಫ್‌ಸೆಟ್ ಯಂತ್ರಕ್ಕೆ ಸಾಲ ಮಾಡಿದೆ. ವರ್ಷ ತುಂಬುವುದರೊಳಗೆ ಅವನು ಕೈ ತೊಳೆದುಕೊಂಡ. ಸಾಲದ ಕಾಗದದಲ್ಲಿ ನನ್ನ ಸಹಿ ಉಳಿಯಿತು. ಆಮೇಲೆ 2020ರ ಮಾರ್ಚ್. ಏಪ್ರಿಲ್, ಮೇ ಅಂದರೆ ನಮಗೆ ಮದುವೆ ಕಾಗದದ ಕಾಲ. ಅಚ್ಚಾಗಿ, ಮಡಚಿ, ಕಟ್ಟು ಕಟ್ಟಿಟ್ಟ ಕಾಗದಗಳನ್ನು ಒಯ್ಯಲು ಯಾರೂ ಬರಲಿಲ್ಲ. ಆರು ತಿಂಗಳು ಕಂತು ಕಟ್ಟದಿದ್ದರೂ ನಡೆಯುತ್ತದೆ ಎಂದರು. ಬಡ್ಡಿ ಮಾತ್ರ ಲಾಕ್‌ಡೌನಿನಲ್ಲೂ ಓಡಾಡಿಕೊಂಡೇ ಇತ್ತು.

ಆ ದಿನಗಳಲ್ಲಿ ಸಭೆಯವರು ಅಕ್ಕಿ, ಬೇಳೆ, ಎಣ್ಣೆಯ ಕಿಟ್ಟು ಹಂಚುತ್ತಿದ್ದರು. ಕಟ್ಟು ಕಟ್ಟಲು ನಾನೂ ಹೋಗುತ್ತಿದ್ದೆ. ಒಂದು ದಿನ ಹೊರಡುವಾಗ ನೋಡಿದರೆ ನನ್ನ ಸ್ಕೂಟರಿನ ಮೇಲೂ ಒಂದು ಕಿಟ್ಟು. ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಯಾರಿಟ್ಟರೆಂದು ಇಂದಿಗೂ ಗೊತ್ತಿಲ್ಲ. ಸ್ತ್ರೀಯರ ಕೂಟದ ಅಕ್ಕಂದಿರ ಮೇಲೆ ನನ್ನ ಗುಮಾನಿ. ಹೆಸರು ಬರೆಯದೆ ಬಿಟ್ಟದ್ದಕ್ಕೆ, ಅಕ್ಕಿಗಿಂತ ಹೆಚ್ಚಾಗಿ, ನಾನು ಋಣಿ.

ಇನ್ನು ಹೇಳಲು ಕಷ್ಟವಾದ ಸಂಗತಿ ಒಂದುಂಟು. ಒಬ್ಬ ಗಿರಾಕಿ ಬಿಲ್ ಬುಕ್ಕು ಮಾಡಿಸಲು ಬಂದ. ಒಂದೇ ನಂಬರಿನವು ಎರಡೆರಡು ಸೆಟ್ ಬೇಕು, ದುಪ್ಪಟ್ಟು ದರ ಕೊಡುತ್ತೇನೆ ಎಂದ. ಒಂದು ಸೆಟ್ ಲೆಕ್ಕಕ್ಕೆ, ಇನ್ನೊಂದು ಲೆಕ್ಕದ ಹೊರಗೆ. ಪ್ರೆಸ್ಸಿನವರಿಗೆಲ್ಲ ಗೊತ್ತಿರುವ ಕಳ್ಳದಾರಿ ಇದು. ನಾನು ಒಪ್ಪಿಕೊಂಡೆ. ಒಪ್ಪಿಕೊಂಡು, ಮಾಡಿಯೂ ಕೊಟ್ಟೆ. ಆ ತಿಂಗಳ ಕಂತು ಸಲೀಸಾಗಿ ಹೋಯಿತು. ಭಾನುವಾರ ಗಾಯನ ಮಂಡಳಿಯಲ್ಲಿ ನಿಂತು ಹಾಡಿದೆ ಕೂಡ.

ಎರಡನೇ ಸಲ ಅವನೇ ಬಂದ. ನಂಬರಿಂಗ್ ಕೆಲಸಕ್ಕೆಂದೇ ಹಳೆಯ ಟ್ರೆಡಲ್ ಅಚ್ಚುಯಂತ್ರ ಒಂದನ್ನು ಇಟ್ಟುಕೊಂಡಿದ್ದೇನೆ. ಅದನ್ನು ಓಡಿಸುವ ಹಿರಿಯರು ನಮ್ಮ ತಂದೆಯ ಕಾಲದವರು, ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿ ಗಂಧ ಹಚ್ಚಿಕೊಂಡೇ ಕೆಲಸಕ್ಕೆ ಬರುವವರು. ಹಾಳೆ ಕೈಯಲ್ಲಿ ಹಿಡಿದು ಬಂದು, ‘ಧನಿಗಳೇ, ಈ ನಂಬರ್ ನಿನ್ನೆಯೇ ಆಗಿದೆಯಲ್ಲ?’ ಎಂದರು. ಬೇರೇನೂ ಹೇಳಲಿಲ್ಲ. ಅವರಿಗೆ ಎಲ್ಲ ಗೊತ್ತಿತ್ತು ಎಂದು ನನಗೆ ಗೊತ್ತಾಯಿತು. ಗಿರಾಕಿಯ ಮುಂಗಡ ಸಂಜೆಯೇ ಹಿಂದೆ ಕೊಟ್ಟೆ. ಮೊದಲು ಮಾಡಿದ್ದು ಮಾತ್ರ ಹಿಂದೆ ಬರುವುದಿಲ್ಲ, ಅದು ನನ್ನ ಲೆಕ್ಕದಲ್ಲೇ ಇದೆ.

ಮುಂದಿನ ಕಂತಿಗೆ ಹೆಂಡತಿಯ ಎರಡು ಬಳೆ ಅಡವಿಗೆ ಹೋದವು. ‘ಬಳೆ ಬಿಡಿಸಿಕೊಂಡು ಬರಬಹುದು’ ಎಂದಷ್ಟೇ ಅಂದಳು. ಬಿಡಿಸಿಕೊಂಡು ಬಂದೆ, ನಾಲ್ಕು ವರ್ಷ ಹಿಡಿಯಿತು. ಬಂದರಿನ ಕಾಗದದ ಅಂಗಡಿಯ ಬ್ಯಾರಿ ಸಾಹುಕಾರರು ಹಳೆಯ ಬಾಕಿ ಇರುವಾಗಲೇ ರೀಮುಗಟ್ಟಲೆ ಕಾಗದ ಕಳಿಸಿಕೊಟ್ಟರು; ಫೋನ್ ಮಾಡಿದಾಗಲೆಲ್ಲ ಬಾಕಿಯ ಬದಲು ನನ್ನ ಅಮ್ಮನ ಮಂಡಿನೋವಿನ ಬಗ್ಗೆ ಕೇಳುತ್ತಿದ್ದರು. ಪಕ್ಕದೂರಿನ ದೇವಸ್ಥಾನದವರು ಬ್ರಹ್ಮಕಲಶದ ಆಮಂತ್ರಣ ಪತ್ರಿಕೆಯ ಕೆಲಸ ಕೊಟ್ಟು, ಕೇಳದೆ ಮುಂಗಡ ಇಟ್ಟು ಹೋದರು. ಆ ವಾರ ಕೈ ಸಾಲದೆ ಒದ್ದಾಡುವಾಗ ನಮ್ಮ ಸಭೆಯ ಪಾದ್ರಿ ಅಯ್ಯನವರು ಮನೆ ಪ್ರಾರ್ಥನೆಗೆಂದು ಬಂದವರು ರಾತ್ರಿ ಹತ್ತರವರೆಗೆ ಕೂತು ಆಮಂತ್ರಣ ಮಡಚಿದರು. ಪ್ರಾರ್ಥನೆ ಮಾಡಲು ಮರೆತೇ ಹೋಯಿತು. ಗೇಟಿನ ಹತ್ತಿರ ನೆನಪಾಗಿ ಇಬ್ಬರೂ ನಕ್ಕೆವು.

ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನೇ ಭದ್ರವಾಗಿ ಹಿಡಿದುಕೊಳ್ಳಿರಿ ಎಂದು ಪೌಲನು ಥೆಸಲೊನೀಕದವರಿಗೆ ಬರೆದದ್ದನ್ನು ಭಾನುವಾರ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ನನ್ನ ಮುಷ್ಟಿ ಗಟ್ಟಿ ಇದ್ದರೆ ಸಾಕು ಎಂದು ತಿಳಿದಿದ್ದೆ. ಪೌಲನೂ ಗುಡಾರದ ಕಸುಬಿನವ. ಅಲ್ಲಿದ್ದಾಗ ಯಾರಿಗೂ ಭಾರವಾಗಬಾರದೆಂದು ಹಗಲಿರುಳು ದುಡಿದೆವು ಎಂದು ಅದೇ ಪತ್ರದಲ್ಲಿ ಹೇಳಿಕೊಳ್ಳುತ್ತಾನೆ. ‘ಹಿಡಿದುಕೊಳ್ಳಿರಿ’ ಎನ್ನುವುದು ಮರ್ಯಾದೆಯ ಬಹುವಚನ ಅಲ್ಲ, ಮೂಲ ಗ್ರೀಕಿನಲ್ಲೂ ಬಹುವಚನವೇ, ಒಂದಿಡೀ ಸಭೆಗೆ ಬರೆದದ್ದು ಎಂದು ಅಯ್ಯನವರು ಹೇಳಿದ್ದು ಆ ಮಡಚುವ ರಾತ್ರಿಯೇ. ನನ್ನ ಕೈ ಜಾರಿದಾಗ ಟ್ರೆಡಲಿನ ಹತ್ತಿರ ಇನ್ನೊಂದು ಕೈ ಇತ್ತು. ಆ ಕೈಯವರು ಪೌಲನ ಪತ್ರ ಓದಿದವರೂ ಅಲ್ಲ. ಇದನ್ನು ಏನೆಂದು ವಿವರಿಸಬೇಕೋ ನನಗೆ ತಿಳಿಯದು. ನಡೆದದ್ದು ಹೀಗೆ.

ಕೊನೆಯ ಕಂತು ಕಟ್ಟಿದ ಮರುದಿನ ಎಲ್ಲರಿಗಿಂತ ಮೊದಲು ಟ್ರೆಡಲಿನ ಆ ಹಿರಿಯರಿಗೇ ಏನಾದರೂ ಕೊಡಬೇಕೆಂದು, ‘ನಿಮಗೆ ಏನು ಬೇಕು, ಹೇಳಿ’ ಎಂದು ಕೇಳಿದೆ. ಕನ್ನಡಕ ಒರೆಸಿಕೊಂಡು ಸ್ವಲ್ಪ ಹೊತ್ತು ಯೋಚಿಸಿದರು. ‘ಬೆಲ್ಟ್ ಸವೆದುಹೋಗಿದೆ ಧನಿಗಳೇ, ಎರಡು ವರ್ಷದಿಂದ ಹೇಳುತ್ತಿದ್ದೇನೆ’ ಎಂದರು. ತರಿಸಿದ್ದೇನೆ, ಸೋಮವಾರ ಹಾಕುತ್ತೇವೆ.