ಸಾರಲೇಖದ ಮೇಲೂ ಕೆಂಪು ಶಾಯಿ ಓಡಲಿ

ಮಾನ್ಯ ಸಂಪಾದಕರೇ,

ಧಾರವಾಡದಲ್ಲಿ 22 ವರ್ಷಗಳಿಂದ ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಪಿಎಚ್‌.ಡಿ. ಮಹಾಪ್ರಬಂಧಗಳ ಟೈಪಿಂಗೇ ನನ್ನ ಜೀವನಾಧಾರ.

ಕಳೆದ ತಿಂಗಳು ಬಂದ ವಿದ್ಯಾರ್ಥಿನಿಯೊಬ್ಬರು ಹಂತಿ ಪದಗಳ, ಅಂದರೆ ಕಣದಲ್ಲಿ ರಾಶಿ ಮಾಡುವಾಗ ಹಾಡುತ್ತಿದ್ದ ಜನಪದ ಹಾಡುಗಳ ಮೇಲೆ ಸಂಶೋಧನೆ ಮಾಡಿದ್ದರು. 11 ಹಳ್ಳಿ ತಿರುಗಿ, ಒಂದು ಕಾಲಕ್ಕೆ ಕಣದ ನಡುವಿನ ಕಂಬವಾದ ಮೇಟಿಯ ಸುತ್ತ ಎತ್ತು ಹೊಡೆದು ಹಾಡಿದ ಹಿರಿಯರನ್ನು ಹುಡುಕಿ, 140 ಪದಗಳನ್ನು ಧ್ವನಿಮುದ್ರಿಸಿದ್ದಾರೆ. ರಾಶಿ ಯಂತ್ರ ಬಂದು ಕಣಗಳೇ ಮಾಯವಾದ ಮೇಲೆ ಕೆಲವು ಪದಗಳು ಭಜನಾ ಮೇಳ ಸೇರಿ ಉಳಿದುಕೊಂಡದ್ದನ್ನು ನಾಲ್ಕನೆಯ ಅಧ್ಯಾಯದಲ್ಲಿ ತೋರಿಸಿದ್ದಾರೆ. ಟೈಪು ಮಾಡುತ್ತಾ ನನ್ನ ಕಣ್ಣು ತುಂಬಿ ಬಂತು.

ಆದರೆ ಇಡೀ ಪ್ರಬಂಧದ ತಿರುಳನ್ನು ಒಂದು ಪುಟದಲ್ಲಿ ಹೇಳಬೇಕಾದ ಸಾರಲೇಖದಲ್ಲಿ (ಅಬ್‌ಸ್ಟ್ರ್ಯಾಕ್ಟ್) ಇದ್ಯಾವುದೂ ಇಲ್ಲ! ‘ಜಾನಪದವು ಜನಜೀವನದ ಕನ್ನಡಿ’ ಎಂದು ಶುರುವಾಗಿ ‘ಹಲವು ಅಂಶಗಳನ್ನು ಚರ್ಚಿಸಲಾಗಿದೆ’ ಎಂದು ಮುಗಿಯುತ್ತದೆ. ಅದರ ಇಂಗ್ಲಿಷ್ ಪ್ರತಿಯನ್ನು ಮೊಬೈಲಿನಲ್ಲಿ ಅನುವಾದಿಸಿಕೊಂಡು ಬಂದಿದ್ದರು. ಅದರಲ್ಲಿ ರಾಶಿ ಮಾಡುವ ಕಣ ಭೌತವಿಜ್ಞಾನದ ಕಣವಾಗಿತ್ತು.

ತಪ್ಪು ಅವರೊಬ್ಬರದಲ್ಲ. ನನ್ನಲ್ಲಿಗೆ ಬರುವ ಕರಡುಗಳಲ್ಲಿ ಪ್ರತಿ ಅಧ್ಯಾಯದ ಮೇಲೂ ಮಾರ್ಗದರ್ಶಕರ ಕೆಂಪು ಶಾಯಿ ಇರುತ್ತದೆ. ಸಾರಲೇಖದ ಹಾಳೆ ಮಾತ್ರ ಬೆಳ್ಳಗೇ ಇರುತ್ತದೆ. ಬೈಂಡಿಂಗಿಗೆ ಕೊಡುವ ಹಿಂದಿನ ರಾತ್ರಿ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಅದನ್ನು ಬರೆದವರು ಎಷ್ಟೋ ಮಂದಿ.

ಮಹಾಪ್ರಬಂಧದ ವಿದ್ಯುನ್ಮಾನ ಪ್ರತಿ ಸಲ್ಲಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2009ರಲ್ಲೇ ನಿಯಮ ಮಾಡಿದೆ. ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರದಲ್ಲಿ ಅವುಗಳನ್ನು ಯಾರು ಬೇಕಾದರೂ ಓದಬಹುದು. ಆದರೆ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪಾದ ಕನ್ನಡ ಹುಡುಕಾಟಕ್ಕೆ ಸಿಗುವುದಿಲ್ಲ, ನಕಲು ಮಾಡಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ನಾನೇ ಹಾಗೆ ಎಷ್ಟೋ ಪ್ರಬಂಧ ಟೈಪು ಮಾಡಿದ್ದೇನೆ, ಆ ನೋವು ನನಗಿದೆ. ಅಂಥ 300 ಪುಟಗಳ ಒಳಗೆ ಏನಿದೆ ಎಂದು ಹೊರಗಿನವರಿಗೆ ಹೇಳಬೇಕಾದದ್ದು ಆ ಒಂದು ಪುಟವೇ.

ಆ ವಿದ್ಯಾರ್ಥಿನಿಗೆ ಎರಡು ದಿನ ತಡೆಯಿರಿ ಎಂದೆ. ಏನು ಕೇಳಿಕೊಂಡು ಹೊರಟಿರಿ, ಯಾವ ಊರುಗಳಿಗೆ ಹೋದಿರಿ, ಯಾರು ಹಾಡಿದರು, ಕೊನೆಗೆ ಏನು ತಿಳಿಯಿತು, ಇಷ್ಟನ್ನೇ ಬರೆಯಿರಿ ಎಂದೆ. ಬರೆದು ತಂದರು. ಹುಡುಕಾಟಕ್ಕೆ ಸಿಗುವ ಯೂನಿಕೋಡ್ ಅಕ್ಷರಗಳಲ್ಲಿ ಟೈಪು ಮಾಡಿದೆ. ಪ್ರಮುಖ ಪದಗಳ ಸಾಲಿನಲ್ಲಿ ಈಗ ‘ಹಂತಿ’, ‘ಮೇಟಿ’ ಎರಡೂ ಇವೆ.

ಇದನ್ನು ಹೇಳಬೇಕಾದವರು ಟೈಪು ಮಾಡುವವರಲ್ಲ. ಮಾರ್ಗದರ್ಶಕರು ದಯವಿಟ್ಟು ಸಾರಲೇಖವನ್ನೂ ಒಂದು ಅಧ್ಯಾಯದಂತೆ ತಿದ್ದಿಕೊಡಬೇಕು. ಅದನ್ನು ಯೂನಿಕೋಡಿನಲ್ಲೇ ಸಲ್ಲಿಸುವಂತೆ ವಿಶ್ವವಿದ್ಯಾಲಯಗಳು ಕಡ್ಡಾಯ ಮಾಡಬೇಕು.

— ಡಿಟಿಪಿ ಅಂಗಡಿಯ ಟೈಪಿಸ್ಟ್, ಧಾರವಾಡ