ಪದೇ ಪದೇ ತಲೆ ಸುತ್ತುವವರ ವಿಟಮಿನ್ ಡಿ ನೋಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನಾನು ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಕೆಲಸ ಮಾಡುವವಳು. ವಿಟಮಿನ್ ಡಿ ಅಂದ ಕೂಡಲೇ ಎಲ್ಲರಿಗೂ ಮೂಳೆ ನೆನಪಾಗುತ್ತದೆ. ಕಿವಿಯ ಮಾತು ಯಾರೂ ಎತ್ತುವುದಿಲ್ಲ.

ಮಗ್ಗುಲು ಬದಲಿಸಿದರೆ ಸಾಕು, ಕೋಣೆಯೆಲ್ಲ ಗಿರ್ರನೆ ತಿರುಗುತ್ತದೆ, ವಾಂತಿ ಬರುತ್ತದೆ ಎಂದು ಹೆದರಿ ಬರುವವರು ಬಹಳ ಜನ. ಇವರಲ್ಲಿ ತುಂಬಾ ಜನಕ್ಕಿರುವುದು ಬಿಪಿಪಿವಿ, ಅಂದರೆ ತಲೆಯ ಭಂಗಿ ಬದಲಾದಾಗ ತಲೆ ಸುತ್ತುವ ಕಾಯಿಲೆ. ಒಳಗಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಪುಟ್ಟ ಹರಳುಗಳಿರುತ್ತವೆ, ಅವು ಇದ್ದ ಜಾಗ ಬಿಟ್ಟು ಅರೆವೃತ್ತದ ನಾಳಗಳಿಗೆ ಇಳಿದರೆ ತಲೆ ಅಲ್ಲಾಡಿಸಿದಾಗಲೆಲ್ಲ ಮಿದುಳಿಗೆ ತಪ್ಪು ಸುದ್ದಿ ಹೋಗುತ್ತದೆ. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಹರಳನ್ನು ವಾಪಸ್ ಕಳಿಸುವ ಎಪ್ಲಿ ವಿಧಾನವಿದೆ. ಕೆಲವೇ ನಿಮಿಷದ ಕೆಲಸ. ತೊಂದರೆ ಏನೆಂದರೆ, ಇದು ಎಷ್ಟೋ ಜನಕ್ಕೆ ಮತ್ತೆ ಮತ್ತೆ ಬರುತ್ತದೆ. ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಬೀಳದೇ ಇದ್ದವರೂ ಬೀಳುವ ಭಯಕ್ಕೇ ಮನೆಯೊಳಗೆ ಕೂತುಬಿಡುತ್ತಾರೆ, ಮೈಗೆ ಬಿಸಿಲು ಇನ್ನೂ ಕಡಿಮೆಯಾಗುತ್ತದೆ, ವಿಟಮಿನ್ ಡಿ ಇನ್ನೂ ಇಳಿಯುತ್ತದೆ.

ಹರಳು ಕ್ಯಾಲ್ಸಿಯಂನದು, ಮೈಗೆ ಕ್ಯಾಲ್ಸಿಯಂ ಹತ್ತಬೇಕಾದರೆ ವಿಟಮಿನ್ ಡಿ ಬೇಕು, ನಂಟು ಅಲ್ಲಿರಬಹುದು. 2020ರಲ್ಲಿ ದಕ್ಷಿಣ ಕೊರಿಯಾದ ವೈದ್ಯರು ಇಂಥ 957 ರೋಗಿಗಳ ಮೇಲೆ ನಡೆಸಿದ ಅಧ್ಯಯನವೊಂದು ಪ್ರಕಟವಾಯಿತು. ರಕ್ತದಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕಡಿಮೆ ಇದ್ದವರಿಗೆ ಒಂದು ವರ್ಷ, ದಿನಕ್ಕೆರಡು ಸಲ, 400 ಯೂನಿಟ್ ವಿಟಮಿನ್ ಡಿ ಮತ್ತು 500 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಕೊಟ್ಟರು. ಇದನ್ನು ಕೊಡದೆ ಬರೀ ಗಮನಿಸಿದ ಇನ್ನೊಂದು ಗುಂಪಿಗೆ ಹೋಲಿಸಿದರೆ ಕಾಯಿಲೆ ಮರುಕಳಿಸುವುದು ಶೇಕಡಾ 24ರಷ್ಟು ಕಡಿಮೆಯಾಯಿತು. ಆ ಇನ್ನೊಂದು ಗುಂಪಿಗೆ ಹೋಲಿಕೆಗೆಂದು ಕೊಡುವ, ಔಷಧಿಯಿಲ್ಲದ ಹುಸಿಮಾತ್ರೆ ಕೊಟ್ಟಿರಲಿಲ್ಲ, ಅದು ಈ ಅಧ್ಯಯನದ ಕೊರತೆ ನಿಜ. ಆದರೂ ಇಷ್ಟು ಸುಲಭದ ಔಷಧಿಗೆ ಇಷ್ಟು ಆಧಾರ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಗಂಟಲು. ಕೈಗೂಸಿಗೆ ವಿಟಮಿನ್ ಡಿ ತೀರಾ ಕಡಿಮೆಯಾದರೆ ರಕ್ತದ ಕ್ಯಾಲ್ಸಿಯಂ ಕುಸಿದು ಧ್ವನಿಪೆಟ್ಟಿಗೆಯ ಸ್ನಾಯುಗಳು ಸೆಟೆದುಕೊಳ್ಳಬಹುದು, ಉಸಿರೇ ಕಟ್ಟಬಹುದು. ಅಪರೂಪ, ಆದರೆ ತಡೆಯಬಹುದಾದದ್ದು. ಒಂದು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ 400 ಯೂನಿಟ್ ಬೇಕು ಅನ್ನುವುದು ಹೊಸ ವಿಷಯವೇನಲ್ಲ, ಅಲ್ವಾ?

ನೆಗಡಿ, ಸೈನಸ್, ಕಿವಿ ಸೋರುವುದು, ಎಲ್ಲಕ್ಕೂ ಇದೇ ಮದ್ದು ಎಂದು ಮಾತ್ರ ನಾನು ಹೇಳುವುದಿಲ್ಲ. ಉಸಿರಾಟದ ಸೋಂಕಿನಿಂದ ಸ್ವಲ್ಪ ರಕ್ಷಣೆ ಸಿಗುತ್ತದೆ ಎಂದು 2017ರಲ್ಲಿ 25 ಅಧ್ಯಯನಗಳನ್ನು ಸೇರಿಸಿ ನೋಡಿದವರು ಹೇಳಿದ್ದರು, ಆಮೇಲೆ ಇನ್ನಷ್ಟು ಅಧ್ಯಯನ ಸೇರಿದ ಮೇಲೆ ಆ ಲಾಭ ಖಚಿತವಾಗಿ ಉಳಿಯಲಿಲ್ಲ. ಹಾಗಿದ್ದೂ 'ಇಮ್ಯುನಿಟಿ' ಹೆಸರಲ್ಲಿ ದೊಡ್ಡ ಡೋಸ್ ಮಾತ್ರೆಗಳ ಜಾಹೀರಾತು ನಿಂತಿಲ್ಲ. ಜಾಸ್ತಿ ತಿಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ ಹಾಳಾಗುತ್ತದೆ. ಇದಕ್ಕೆ ಕಡಿವಾಣ ಹಾಕಬೇಕಾದವರು ನೀವೇ.

ಎಲ್ಲರಿಗೂ ಸುಮ್ನೆ ರಕ್ತಪರೀಕ್ಷೆ ಮಾಡಿಸಿ ಎಂದೂ ಕೇಳುತ್ತಿಲ್ಲ, ಆರೋಗ್ಯವಂತರಿಗೆ ಅದು ಬೇಕಿಲ್ಲ. ಬಿಪಿಪಿವಿ ಮರುಕಳಿಸಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಉಚಿತವಾಗಿ ಸಿಗಲಿ. ಕೊರತೆ ಇದ್ದರೆ ದಿನದ ಸಣ್ಣ ಡೋಸ್ ಮಾತ್ರೆ ಅಲ್ಲೇ ಕೊಡಲಿ. ಎಪ್ಲಿ ವಿಧಾನವನ್ನು ಪ್ರಾಥಮಿಕ ಹಂತದ ವೈದ್ಯರಿಗೂ ಕಲಿಸಿ. ಒಂದು ಸುತ್ತೋಲೆ ಹೊರಡಿಸಿದರೆ ಇಷ್ಟೂ ಶುರುವಾಗುತ್ತದೆ. ದಯವಿಟ್ಟು ಹೊರಡಿಸಿ.

ಇಂತಿ,
ಕಿವಿ-ಮೂಗು-ಗಂಟಲು ವಿಭಾಗದ ಒಬ್ಬ ಸಿಬ್ಬಂದಿ