ಫೋನ್ ಇಡದೆ ಕಾದ ಆ ಟೆಕ್ನಿಷಿಯನ್‌ಗೆ

ರಾತ್ರಿ ಪಾಳಿ. ಪ್ಯಾಕಿಂಗ್ ಲೈನಿನಲ್ಲಿ ಡಬ್ಬಿ ಎಣಿಸುವ ಕೌಂಟರ್ ಸೊನ್ನೆ ಬಿಟ್ಟು ಕದಲುತ್ತಿರಲಿಲ್ಲ. ಆಗಷ್ಟೇ ಹಾಕಿದ ಹೊಸ ಸೆನ್ಸರ್‌ನ ದೀಪ ಪ್ರತಿ ಡಬ್ಬಿಗೂ ಮಿನುಗುತ್ತಿತ್ತು, ಎಣಿಕೆ ಮಾತ್ರ ಇಲ್ಲ. ಕೌಂಟರೇ ಸುಟ್ಟಿತೇನೋ ಅಂತ ಕೈಕಾಲು ತಣ್ಣಗಾಗಿತ್ತು. ಸಹಾಯವಾಣಿಗೆ ಫೋನ್ ಮಾಡಿದೆ.

“ಮೊದಲು ಸೆನ್ಸರ್ ಮೇಲಿನ ಅಕ್ಷರ ಓದಿ ಸರ್” ಅಂದಿರಿ. ಪಿಎನ್‌ಪಿ ಅಂತಿತ್ತು, ಅಂದರೆ ಸಿಗ್ನಲ್ ಆಗಿ ಪ್ಲಸ್ ವೋಲ್ಟೇಜ್ ಕೊಡುವ ಬಗೆ. ಹಳೆಯದು ಎನ್‌ಪಿಎನ್, ಅದರ ತದ್ವಿರುದ್ಧ! ಕೌಂಟರ್ ಸೊನ್ನೆ ವೋಲ್ಟಿಗೆ ಎಳೆಯುವ ಸಿಗ್ನಲ್‌ಗೆ ಕಾಯುತ್ತಿತ್ತು, ನಾನು ಕೊಟ್ಟಿದ್ದು 24 ವೋಲ್ಟ್. ಪವರ್ ಆಫ್ ಮಾಡಿಸಿ, ಕೌಂಟರಿನ ಇನ್‌ಪುಟ್ ಸ್ವಿಚ್ಚನ್ನು ಪಿಎನ್‌ಪಿ ಕಡೆಗೆ ತಿರುಗಿಸಲು ಹೇಳಿದಿರಿ. ನಾನು ಸ್ಕ್ರೂಡ್ರೈವರ್ ಹುಡುಕುವಷ್ಟೂ ಹೊತ್ತು ಲೈನಿನಲ್ಲೇ ಇದ್ದಿರಿ. ಆಮೇಲೆ ಹತ್ತು ಡಬ್ಬಿ ಒಟ್ಟಿಗೆ ಎಣಿಸಿದೆವು, ಅಲ್ವಾ? ಹತ್ತಕ್ಕೆ ಹತ್ತು. ಆಗಲೇ ನನಗೆ ಉಸಿರು ಬಂದದ್ದು.

“ಸೆನ್ಸರ್ ವೈರನ್ನು ಮೋಟರ್ ಕೇಬಲ್‌ನಿಂದ ದೂರ ಇಡಿ, ಇಲ್ಲದಿದ್ದರೆ ಸುಮ್ನೆ ಜಾಸ್ತಿ ಎಣಿಸಬಹುದು” ಅಂತ ಹೇಳಿಯೇ ಫೋನ್ ಇಟ್ಟಿರಿ. ನಿಮ್ಮ ಹೆಸರು ಕೇಳಲು ಮರೆತೆ. ತುಂಬಾ ಥ್ಯಾಂಕ್ಸ್.